ಬೇರೆ ಬಟ್ಟಲು

ಕೂಡುಕುಟುಂಬದ ಮನೆಯಲ್ಲಿ ಸಾರಿನ ಪಾತ್ರೆ ಒಂದೇ. ಒಬ್ಬನಿಗೆ ಖಾರ ಸಾಲದೆಂದು ಮೆಣಸಿನಪುಡಿಯನ್ನು ಪಾತ್ರೆಗೇ ಸುರಿದರೆ ಅಜ್ಜಿಗೆ ಊಟವಿಲ್ಲ. ತನ್ನ ಬಟ್ಟಲಿಗೆ ಬಡಿಸಿಕೊಂಡು ಬೆರೆಸಿದರೆ ಯಾರಿಗೂ ತೊಂದರೆಯಿಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಪೈಥಾನ್ ಕಲಿಯುವವರಿಗೆ ಇಂದು ಹೇಳಬೇಕಾದ ಮಾತೂ ಇದೇ.

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಅದು ಬಳಕೆಯಲ್ಲಿದೆ. ಉಬುಂಟು, ಡೆಬಿಯನ್‌ಗಳಲ್ಲಿ ಪೈಥಾನ್ ಬರಿಯ ಪಾಠದ ಭಾಷೆಯಲ್ಲ. ಕಂಪ್ಯೂಟರಿನ ಒಳಗಿನ ಹಲವು ಕೆಲಸಗಳು ಅದನ್ನೇ ನೆಚ್ಚಿವೆ. ನಮಗೆ ಬೇಕಾದ ಪ್ಯಾಕೇಜನ್ನು ಅಲ್ಲಿಗೇ ತುರುಕಿದರೆ ಆ ಕೆಲಸಗಳು ಕೆಡಬಹುದು. ಅಕ್ಕನ ಅರ್ಜಿ, ತಮ್ಮನ ಪಾಠ, ಅಪ್ಪನ ಅಡಿಕೆ ಲೆಕ್ಕ ಎಲ್ಲಕ್ಕೂ ಒಂದೇ ಕಂಪ್ಯೂಟರಿರುವ ಮನೆಯಲ್ಲಿ ಇದು ಸಣ್ಣ ನಷ್ಟವೇ?

ಆದ್ದರಿಂದಲೇ 2023ರಲ್ಲಿ ಬಂದ ಉಬುಂಟು 23.04 ಹಾಗೂ ಡೆಬಿಯನ್ 12ರಿಂದೀಚೆಗೆ, ಪಿಪ್ ಅಲ್ಲಿ ಕೈಹಾಕಲು ಒಪ್ಪದೆ ಇಂಗ್ಲಿಷಿನಲ್ಲಿ ಉದ್ದನೆಯ ಸಂದೇಶ ತೋರಿಸುತ್ತದೆ. ಗಾಬರಿಯಾಗಬೇಡಿ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಅಡ್ಡದಾರಿಯೂ ಅದರಲ್ಲೇ ಕಾಣುತ್ತದೆ. ಮುರಿಯುವ ಮಾತು ಅದರ ಹೆಸರಿನಲ್ಲೇ ಇದೆ. ಆ ದಾರಿ ಬೇಡ. ಪಿಪ್‌ನ ಮುಂದೆ ‘ಸುಡೊ’ ಹಾಕುವುದೂ ಬೇಡ.

ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಮೊದಲು, ‘ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್’. ವೆನ್ವ್ ಎಂದರೆ ವಿ, ಇ, ಎನ್, ವಿ. ಆಪ್ಟ್ ಈ ಮನೆಯದೇ ಅಡುಗೆಯವ. ಅವನಿಗೆ ಸುಡೊ ಸಲ್ಲುತ್ತದೆ. ಎರಡನೆಯದು, ‘ಪೈಥಾನ್3 -ಎಂ ವೆನ್ವ್ ಲೆಕ್ಕ’. ‘ಲೆಕ್ಕ’ ಎಂಬುದು ನಾವಿಟ್ಟ ಹೆಸರು. ಆ ಹೆಸರಿನ ಫೋಲ್ಡರೇ ನಮ್ಮ ಬಟ್ಟಲು. ಮೂರನೆಯದು, ‘ಸೋರ್ಸ್ ಲೆಕ್ಕ/ಬಿನ್/ಆಕ್ಟಿವೇಟ್’. ಈಗ ಸಾಲಿನ ಮೊದಲಿಗೆ ಕಂಸದೊಳಗೆ ‘ಲೆಕ್ಕ’ ಎಂದು ಕಾಣುತ್ತದೆ. ಅದು ಕಂಡ ಮೇಲೆಯೇ ‘ಪಿಪ್ ಇನ್‌ಸ್ಟಾಲ್’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಡಿ. ಕೆಲಸ ಮುಗಿದಾಗ ‘ಡಿಆಕ್ಟಿವೇಟ್’.

ಒಂದು ಕೆಲಸಕ್ಕೆ ಹಳೆಯ ಆವೃತ್ತಿ, ಇನ್ನೊಂದಕ್ಕೆ ಹೊಸದು ಬೇಕೆ? ಎರಡು ಬಟ್ಟಲು ಮಾಡಿ. ಏನಾದರೂ ಕೆಟ್ಟರೆ ಆ ಫೋಲ್ಡರನ್ನು ಅಳಿಸಿ, ಹೊಸದು ಮಾಡಿ. ನೀವು ಬರೆದ ಪ್ರೋಗ್ರಾಮನ್ನು ಮಾತ್ರ ಅದರೊಳಗೆ ಇಡಬೇಡಿ. ಅಳಿಸುವಾಗ ಅದೂ ಹೋದೀತು.

ಕೊನೆಯದಾಗಿ ಒಂದು ಎಚ್ಚರಿಕೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೇರೆ ಯಾರದೋ ಪ್ಯಾಕೇಜು ಬಂದೀತು. ಹಾಗೆ ತಪ್ಪುವವರಿಗಾಗಿಯೇ ಕೇಡಿನ ಪ್ಯಾಕೇಜು ಇಟ್ಟು ಕಾದವರೂ ಉಂಟು. ಅಂಥದ್ದು ಬಂದರೆ ನಿಮ್ಮ ಉಳಿದ ಕಡತಗಳನ್ನೂ ಮುಟ್ಟಬಲ್ಲದು. ಬಟ್ಟಲು ಬೇರೆಯಾದರೆ ವಿಷ ಅಮೃತವಾಗುವುದಿಲ್ಲ. ಹೆಸರನ್ನು ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿ.