ಯಾರ್ಕ್‌ನ ಸಂಜೆ ನಡಿಗೆ

ಉತ್ತರ ಇಂಗ್ಲೆಂಡಿನ ಯಾರ್ಕ್ ಬಹಳ ಹಳೆಯ ಊರು. ಕ್ರಿ.ಶ. 71ರಲ್ಲಿ ರೋಮನ್ನರು ಇಲ್ಲಿ ಕೋಟೆ ಕಟ್ಟಿದರು. ಕತ್ತಲು ಕವಿಯುವ ಹೊತ್ತಿಗೆ ಇಲ್ಲಿನ ಓಣಿಗಳಲ್ಲಿ ಪ್ರವಾಸಿಗರ ಗುಂಪುಗಳು ಕಾಣುತ್ತವೆ. ಮುಂದೆ ಒಬ್ಬರು ದೆವ್ವದ ಕತೆ ಹೇಳುತ್ತಾ ನಡೆಯುತ್ತಾರೆ. 1970ರ ದಶಕದಿಂದ ಬಂದ ರೂಢಿ ಇದು.

ಆ ಕತೆಗಳಲ್ಲಿ ಹೆಸರಾದದ್ದು ಟ್ರೆಷರರ್ಸ್ ಹೌಸ್ ಎಂಬ ಮನೆಯದು. 1953ರಲ್ಲಿ ಅದರ ನೆಲಮಾಳಿಗೆಯಲ್ಲಿ ಹದಿಹರೆಯದ ಹುಡುಗನೊಬ್ಬ ಕೊಳಾಯಿ ಕೆಲಸಕ್ಕೆ ಇಳಿದಿದ್ದ. ಮೊದಲು ಕಹಳೆಯ ಸದ್ದು ಕೇಳಿತಂತೆ. ಆಮೇಲೆ ಗೋಡೆಯಿಂದ ರೋಮನ್ ಸೈನಿಕರು ಹೊರಬಂದರಂತೆ. ಮೊಣಕಾಲಿನ ಕೆಳಗೆ ಏನೂ ಕಾಣಲಿಲ್ಲ. ನೆಲ ಅಗೆದಿದ್ದ ಕಡೆ ಮಾತ್ರ ಪಾದಗಳು ಕಂಡವು. ಆ ನೆಲದಡಿಯಲ್ಲೇ ರೋಮನ್ನರ ಹಳೆಯ ರಸ್ತೆಯಿದೆ. ಸೈನಿಕರು ತುಂಬಾ ದಣಿದಂತಿದ್ದರು ಎಂದೂ ಆತ ಹೇಳಿದ. ನಂಬುವುದು, ಬಿಡುವುದು ಕೇಳುವವರಿಗೆ ಸೇರಿದ್ದು. ಆದರೆ ಆ ದಣಿವಿನ ಮಾತು ಕೇಳಿದಾಗ ಹೆದರಿಕೆಗಿಂತ ಮರುಕವೇ ಹೆಚ್ಚು ಮೂಡುತ್ತದೆ. ಮನೆಯಿಂದ ದೂರ ಬಂದ ಯಾರದೋ ಮಕ್ಕಳಲ್ಲವೇ ಅವರು?

ಷಾಂಬಲ್ಸ್ ಕಸಾಯಿಗಳ ಹಳೆಯ ಬೀದಿ. ಅಲ್ಲಿನ ಕಸಾಯಿಯೊಬ್ಬನ ಹೆಂಡತಿ ಮಾರ್ಗರೆಟ್ ಕ್ಲಿಥರೋ, ನಿಷೇಧವಿದ್ದ ಕಾಲದಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಆಶ್ರಯ ಕೊಟ್ಟಳು. ನ್ಯಾಯಾಲಯದಲ್ಲಿ ಆರೋಪಕ್ಕೆ ಉತ್ತರ ಕೊಡಲು ಒಪ್ಪಲಿಲ್ಲ. 1586ರಲ್ಲಿ ಭಾರ ಹೇರಿ ಅವಳನ್ನು ಕೊಂದರು. 1970ರಲ್ಲಿ ಚರ್ಚ್ ಅವಳನ್ನು ಸಂತಳೆಂದು ಸಾರಿತು.

ಕ್ಲಿಫರ್ಡ್ಸ್ ಟವರ್ ಇರುವ ದಿಬ್ಬದ ಬಳಿ ಕತೆಯ ರಂಜನೆ ಸಲ್ಲದು. 1190ರಲ್ಲಿ ಅಲ್ಲಿದ್ದ ಮರದ ಗೋಪುರದಲ್ಲಿ ಸುಮಾರು 150 ಯಹೂದಿಗಳು ಆಶ್ರಯ ಪಡೆದಿದ್ದರು. ಹೊರಗೆ ಉದ್ರಿಕ್ತ ಗುಂಪು ಸುತ್ತುವರಿದಿತ್ತು. ಹಲವರು ತಮ್ಮ ಕೈಯಿಂದಲೇ ಪ್ರಾಣ ಬಿಟ್ಟರು. ಉಳಿದವರನ್ನು ಗುಂಪು ಕೊಂದಿತು. ಅವರ ನೆನಪಿನ ಫಲಕವನ್ನು 1978ರಲ್ಲಿ ದಿಬ್ಬದ ಬುಡದಲ್ಲಿ ಇರಿಸಲಾಯಿತು.