ಗೇಟಿನಿಂದಲೇ ಮರಳದಿರೋಣ

(ಜುಮಾ ಪ್ರವಚನದ ಸಾರಾಂಶ, ಕಡಬ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಅನುಚರರ ಮೇಲೂ ಸ್ವಲಾತ್ ಮತ್ತು ಸಲಾಮ್.



ಕಳೆದ ಮಳೆಗಾಲದಲ್ಲಿ ನಮ್ಮ ಮಸೀದಿಯ ಸಮೀಪದ ಹಿಂದೂ ಮನೆಯೊಂದರಲ್ಲಿ ಹಿರಿಯರು ತೀರಿಕೊಂಡರು. ನಾವು ನಾಲ್ಕೈದು ಮಂದಿ ಹೋಗಿ, ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು, ಮಗನ ಕೈ ಹಿಡಿದು ಮರಳಿದೆವು. ಹದಿನೈದು ದಿನ ಕಳೆದು ಪೇಟೆಯಲ್ಲಿ ಸಿಕ್ಕಿದಾಗ ಆ ಮಗ ಕೇಳಿದರು: "ಉಸ್ತಾದರೇ, ನೀವು ಒಳಗೆ ಬರಲಿಲ್ಲ ಅಂತ ಅಮ್ಮ ಈಗಲೂ ಹೇಳ್ತಾರೆ. ನಮ್ಮಿಂದ ಏನಾದರೂ ತಪ್ಪಾಗಿದೆಯಾ?" ನಮ್ಮಲ್ಲಿ ಉತ್ತರ ಇರಲಿಲ್ಲ. ಹೋಗಬಹುದೋ ಬಾರದೋ ಎಂಬ ಸಂಕೋಚದಲ್ಲಿ ನಾವು ನಿಂತಿದ್ದೆವು. ಅವರಿಗೆ ಅದು ಮುನಿಸಾಗಿ ಕಂಡಿತು.

ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ)ರು ಎದ್ದು ನಿಂತರು. ಅದು ಯಹೂದಿಯದು ಎಂದು ಸಹಾಬಿಗಳು ತಿಳಿಸಿದಾಗ, ಅವರೂ ಒಂದು ಜೀವವಲ್ಲವೇ ಎಂಬರ್ಥದ ಮಾತನ್ನು ಹೇಳಿದರು. ಈ ಹದೀಸನ್ನು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಗೇಟಿನ ಬಳಿ ಅದು ನೆನಪಾಗಲಿಲ್ಲ.

ನಜ್ರಾನಿನ ಕ್ರೈಸ್ತ ನಿಯೋಗ ಮದೀನಕ್ಕೆ ಬಂದಾಗ ಪ್ರವಾದಿ(ಸ)ರು ಅವರನ್ನು ಮಸೀದಿಯಲ್ಲೇ ಬರಮಾಡಿಕೊಂಡರು. ಅವರ ಪ್ರಾರ್ಥನೆಯ ಹೊತ್ತಾದಾಗ ಅಲ್ಲಿಯೇ ಪ್ರಾರ್ಥಿಸಲು ಬಿಟ್ಟರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ವಿಶ್ವಾಸದ ವಿಷಯದಲ್ಲಿ ಒಮ್ಮತ ಮೂಡಲಿಲ್ಲ. ಆದರೂ ಹೊರಡುವಾಗ ಅವರು, ನಮ್ಮೊಂದಿಗೆ ನಂಬಿಗಸ್ತ ವ್ಯಕ್ತಿಯೊಬ್ಬರನ್ನು ಕಳುಹಿಸಿ ಎಂದು ಕೇಳಿಕೊಂಡರು. ಅಬೂ ಉಬೈದಾ(ರ)ರನ್ನು ಕಳುಹಿಸಲಾಯಿತು. ಭೇಟಿಯಿಂದ ಅಭಿಪ್ರಾಯ ಒಂದಾಗಬೇಕೆಂದಿಲ್ಲ. ನಂಬಿಕೆ ಹುಟ್ಟಿದರೆ ಸಾಕು.

2020ರ ಜನವರಿಯಲ್ಲಿ ಬೆಂಗಳೂರಿನ ಮೋದಿ ಮಸೀದಿ ಇತರ ಧರ್ಮೀಯರನ್ನು ಆಹ್ವಾನಿಸಿತು. ಬಂದವರು ನಮಾಝ್ ನೋಡಿದರು, ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿದರು. ಅದು ಒಳ್ಳೆಯ ಕೆಲಸ. ಆದರೆ ಅವರನ್ನು ಕರೆಯುವಷ್ಟೇ ಮುಖ್ಯ, ನಾವು ಅವರಲ್ಲಿಗೆ ಹೋಗುವುದು.

2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆ ನೋವು ನಮಗಿದೆ. "ಇನ್ನು ಅವರ ಮನೆಗೆ ಯಾಕೆ ಹೋಗಬೇಕು?" ಎಂದು ಕೆಲವು ಯುವಕರು ಕೇಳುತ್ತಾರೆ. ಸಹೋದರರೇ, ಅಂಗಡಿ ತಡೆದವರು ಪಕ್ಕದ ಮನೆಯ ಅಜ್ಜಿಯಲ್ಲ. ಧರ್ಮದ ಹೆಸರಲ್ಲಿ ನಿಮ್ಮೊಡನೆ ಯುದ್ಧ ಮಾಡದವರಿಗೆ, ನಿಮ್ಮನ್ನು ಮನೆಗಳಿಂದ ಹೊರಹಾಕದವರಿಗೆ ಒಳಿತು ಮಾಡುವುದನ್ನೂ ನ್ಯಾಯ ತೋರುವುದನ್ನೂ ಅಲ್ಲಾಹನು ತಡೆಯುವುದಿಲ್ಲ ಎಂಬುದು ಸೂರಃ ಮುಮ್ತಹಿನಃದ 8ನೇ ಸೂಕ್ತದ ಸಾರ. ಇಲ್ಲಿ ತುಳುವರ, ಗೌಡರ, ಕೇರಳದಿಂದ ಬಂದು ರಬ್ಬರ್ ಬೆಳೆದ ಕ್ರೈಸ್ತರ ಮನೆಗಳ ನಡುವೆ ನಮ್ಮ ಬ್ಯಾರಿ ಮನೆಗಳಿವೆ. ಒಣಗಲು ಹಾಕಿದ ಅಡಿಕೆಗೆ ಮಳೆ ಬಂದರೆ, ಯಾರ ಅಂಗಳವೆಂದು ನೋಡದೆ ಓಡುವವರು ನಾವು.

ಭೇಟಿಗೂ ಅದಬ್ ಇದೆ. ಮೊದಲೇ ತಿಳಿಸಿ ಹೋಗೋಣ. ಅವರ ಆರಾಧನೆಯಲ್ಲಿ ನಾವು ಪಾಲ್ಗೊಳ್ಳಬೇಕಿಲ್ಲ, ಅದರ ಬಗ್ಗೆ ಹಗುರವಾಗಿ ಮಾತನಾಡಲೂಬಾರದು. ನಮಗೆ ಆಗದ ಆಹಾರವಿದ್ದರೆ ನೀರು ಸಾಕೆಂದು ನಗುತ್ತಾ ಹೇಳೋಣ. ಸಸ್ಯಾಹಾರಿಗಳು ನಮ್ಮಲ್ಲಿಗೆ ಬಂದರೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡೋಣ. ಚರ್ಚೆಗೆ ಎಳೆಯುವುದು ಬೇಡ, ಕೇಳಿದರೆ ತಿಳಿದಷ್ಟು ಹೇಳೋಣ. ಸ್ಟೇಟಸ್ ಹಾಕಲಿಕ್ಕೆಂದು ಫೋಟೊ ತೆಗೆಯುವುದೂ ಬೇಡ.

ಕಳೆದ ವಾರ ನಾವು ಆ ಅಮ್ಮನನ್ನು ನೋಡಲು ಹೋದೆವು. ಒಳಗೆ ಕೂರಿಸಿ ಬೊಂಡ ಕೊಟ್ಟರು. "ನಿಮ್ಮ ಬೆಳಗ್ಗಿನ ಬಾಂಗ್ ಕೇಳಿಯೇ ಅವರು ಎದ್ದು ಹಟ್ಟಿಗೆ ಹೋಗ್ತಿದ್ದದ್ದು" ಎಂದರು. ಇಷ್ಟು ವರ್ಷ ನೆರೆಯಲ್ಲಿದ್ದೂ ಅದು ನಮಗೆ ಗೊತ್ತಿರಲಿಲ್ಲ.

ಈ ತಿಂಗಳು ಪ್ರತಿಯೊಂದು ಮನೆಯವರೂ ಬೇರೆ ಧರ್ಮದ ಒಂದು ಮನೆಗೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಏನೂ ಕೆಲಸವಿಲ್ಲದಾಗ ಹೋಗಿ. ಕಷ್ಟ ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಸಮಯವಿರುವುದಿಲ್ಲ.

ಅಲ್ಲಾಹನು ನಮ್ಮನ್ನು ಒಳ್ಳೆಯ ನೆರೆಯವರಾಗಿಸಲಿ. ಆಮೀನ್.