ಗೇಟಿನವರೆಗೆ ಬಿಟ್ಟರೆ ಸಾಲದು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹಳ್ಳಿಗಳಿಂದ ಬರುವ ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಹಾಸ್ಟೆಲ್ಲಿನಿಂದಲೇ ಒಂದು ತಂಡ ಕಟ್ಟಬೇಕು ಅಂತ ತೀರ್ಮಾನ ಮಾಡಿದ್ದೀರಿ. ಯಾರ ಹತ್ತಿರ ಬೈಕಿದೆ, ಯಾರಿಗೆ ಲೈಸೆನ್ಸ್ ಇದೆ ಅಂತ ಪಟ್ಟಿಯನ್ನೂ ಬರೆದಿದ್ದೀರಿ. ಸಂತೋಷ. ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳೋಕೆ ಬಂದಿದ್ದೇನೆ. ಅದಕ್ಕೂ ಮೊದಲು ಬಾಬಾಸಾಹೇಬರ ಬದುಕಿನ ಒಂದು ಸಂಗತಿ ಹೇಳಬೇಕು.

1929ನೇ ಇಸವಿ. ಅಸ್ಪೃಶ್ಯರ ದೂರುಗಳನ್ನು ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರಾಗಿದ್ದರು. ಒಂದು ಹಳ್ಳಿಯ ಬಹಿಷ್ಕಾರದ ವಿಚಾರಣೆ ಮುಗಿಸಿ ಬರುವಾಗ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿಯ ಮಹಾರರು ಕೇರಿಗೆ ಕರೆದೊಯ್ಯಲು ಕಾದಿದ್ದರು. ನಮ್ಮ ನಾಯಕರನ್ನು ನಡೆಸಿಕೊಂಡು ಹೋಗೋಕೆ ಅವರಿಗೆ ಮನಸ್ಸಾಗಲಿಲ್ಲ. ಟಾಂಗಾದವರನ್ನು ಕೇಳಿದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಗಾಡಿ ಹೊಡೆಯೋಕೆ ಒಬ್ಬನೂ ಒಪ್ಪಲಿಲ್ಲ. ಕಡೆಗೆ, ಟಾಂಗಾ ಬಾಡಿಗೆಗೆ ಕೊಡ್ತೀವಿ, ಹೊಡೆಯೋರನ್ನು ನೀವೇ ನೋಡಿಕೊಳ್ಳಿ ಅಂದರು. ಮಹಾರರವನೇ ಒಬ್ಬ ಲಗಾಮು ಹಿಡಿದ. ಅವನಿಗೆ ಟಾಂಗಾ ಹೊಡೆದು ಅಭ್ಯಾಸವಿರಲಿಲ್ಲ. ಹೊಳೆಯ ಸೇತುವೆ ಮೇಲೆ ಚಕ್ರ ಅಂಚಿನ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆದಂತೆ ಬಿದ್ದರು, ಕಾಲಿನ ಮೂಳೆ ಮುರಿಯಿತು. ಕುದುರೆ, ಗಾಡಿ ಎರಡೂ ಹೊಳೆಗೆ ಬಿದ್ದವು. ಇದನ್ನು ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ.

ಇದನ್ನ ಓದಿದಾಗೆಲ್ಲ ಟಾಂಗಾದವರ ಮೇಲೆ ನಮಗೆ ಸಿಟ್ಟು ಬರ್ತದೆ. ಬರಲೇಬೇಕು. ಆದರೆ ಲಗಾಮು ಹಿಡಿದ ನಮ್ಮ ಆ ಅಣ್ಣನನ್ನೂ ಸ್ವಲ್ಪ ನೆನೆಸಿಕೊಳ್ಳಿ. ಅವನ ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ಕೆಲಸ ಗೊತ್ತಿರಲಿಲ್ಲ, ಅಷ್ಟೆ. ನನ್ನ ತಪ್ಪೂ ಅದೇ ಬಗೆಯದು.

ನಮ್ಮ ಕೇರಿಯಲ್ಲಿ ಒಬ್ಬ ದೊಡ್ಡಪ್ಪ ಇದ್ದ. ಸಕ್ಕರೆ ಕಾಯಿಲೆ. ಕಾಲು ಊದಿಕೊಂಡಿತ್ತು. ಬೆಳಿಗ್ಗೆ ಎಂಟಕ್ಕೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಆಸ್ಪತ್ರೆ ಗೇಟಿನಲ್ಲಿ ಇಳಿಸಿದೆ. ‘ತೋರಿಸ್ಕೊಂಡು ಇಲ್ಲೇ ಇರು, ಬತ್ತೀನಿ’ ಅಂತ ಹೇಳಿ ಕಾಲೇಜಿಗೆ ಹೋದೆ. ದೊಡ್ಡ ಉಪಕಾರ ಮಾಡಿದೆ ಅಂತ ಮನಸ್ಸಿನಲ್ಲಿ ಹೆಮ್ಮೆ. ಸಂಜೆ ಬಂದು ನೋಡಿದರೆ ಗೇಟಿನ ಪಕ್ಕದ ಬೇವಿನ ಮರದ ಕೆಳಗೇ ಕೂತವನೆ. ಕೈಯಲ್ಲಿ ಚೀಟಿ ಇಲ್ಲ, ಔಷಧಿ ಇಲ್ಲ. ಯಾಕೆ ದೊಡ್ಡಪ್ಪ ಅಂದೆ.

‘ಒಳಗೆ ಹೋದೆ ಕಣ್ ಮಗ. ಆ ಕಡೆ ಹೋಗು ಅಂದ್ರು. ಆ ಕಡೆ ಹೋದ್ರೆ ಚೀಟಿ ಎಲ್ಲಿ ಅಂದ್ರು. ಚೀಟಿ ಎಲ್ಲಿ ಕೊಡ್ತರೆ ಅಂತ ಯಾರೂ ಹೇಳ್ನಿಲ್ಲ. ಬೋಡು ಓದಕ್ಕೆ ನಂಗೆ ಬತ್ತದಾ? ನೀನು ಬರ್ಲಿ ಅಂತ ಕುಂತೆ.’

ಬಿಎ ಓದುತ್ತಿದ್ದ ನಾನು ತಲೆ ತಗ್ಗಿಸಿದೆ. ನಾನು ಬಿಟ್ಟದ್ದು ಗೇಟಿಗೆ, ಆಸ್ಪತ್ರೆಗೆ ಅಲ್ಲ.

ಅದೇ ಪುಸ್ತಕದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಸಂಗತಿಯೂ ಇದೆ. ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲ್ಲ ಅಂದ. ಕೇರಿಯಿಂದ ಹೊರಗೆ ಕರೆತಂದ ಮೇಲೆ ಥರ್ಮಾಮೀಟರನ್ನು ಬೇರೆಯವರ ಕೈಯಲ್ಲಿ ಕೊಡಿಸಿದ, ತಾನು ಮುಟ್ಟಲಿಲ್ಲ. ಆ ತಾಯಿ ಉಳಿಯಲಿಲ್ಲ. ಅಸ್ಪೃಶ್ಯತೆಯ ಹೆಸರಿನಲ್ಲಿ ಆಸ್ಪತ್ರೆಯೊಳಕ್ಕೆ ಬಿಡದಿರುವುದು 1955ರ ಕಾಯ್ದೆಯಲ್ಲೇ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಲ್ಲೂ ಆಸ್ಪತ್ರೆಯ ಹೆಸರು ಸೇರಿದೆ. ಆದರೂ ನಮ್ಮ ಅಪ್ಪ ಅವ್ವಂದಿರು ಕೌಂಟರಿನಿಂದ ಎರಡು ಹೆಜ್ಜೆ ಹಿಂದಕ್ಕೇ ನಿಲ್ತಾರೆ. ತಲೆಮಾರುಗಳ ಅಭ್ಯಾಸ ಅವರನ್ನು ಅಲ್ಲಿ ನಿಲ್ಲಿಸಿದೆ. ಓದು ಬಲ್ಲ ಮಗನೋ ಮಗಳೋ ಪಕ್ಕದಲ್ಲಿ ನಿಂತರೆ ಆ ಎರಡು ಹೆಜ್ಜೆ ಮುಂದಕ್ಕೆ ಬರ್ತಾರೆ. ನಿಮ್ಮ ಪೆಟ್ರೋಲಿಗಿಂತ ನಿಮ್ಮ ಓದು ಅವರಿಗೆ ಹೆಚ್ಚು ಬೇಕು.

ಮುಂದಿನ ವಾರ ದೊಡ್ಡಪ್ಪನ ಜೊತೆ ಒಳಗೆ ಹೋದೆ. ಕಿಡ್ನಿ ಕೆಟ್ಟಿದೆ ಅಂದರು. ಆಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲ ನಾಲ್ಕು ಗಂಟೆ. ಒಬ್ಬನಿಂದ ಆಗುವ ಕೆಲಸ ಅಲ್ಲ. ನಾವು ಐದು ಜನ ಹುಡುಗರು ಸರದಿ ಹಾಕಿಕೊಂಡೆವು. ಒಂದು ಹಬ್ಬದ ವಾರ ಅವನು ಹೋಗ್ತಾನೆ ಅಂತ ನಾನು, ನಾನು ಹೋಗ್ತೀನಿ ಅಂತ ಅವನು, ಯಾರೂ ಹೋಗಲಿಲ್ಲ. ದೊಡ್ಡಪ್ಪ ಶರಟು ಹಾಕಿಕೊಂಡು ಜಗಲಿ ಮೇಲೆ ಕಾದಿದ್ದನಂತೆ. ಮಾರನೇ ರಾತ್ರಿ ಉಸಿರು ಕಟ್ಟಿತು. 108ಕ್ಕೆ ಫೋನ್ ಮಾಡಿ ಸಾಗಿಸಿದೆವು. ಆ ಸಲ ಬದುಕಿದ. ಆಮೇಲೆ ಮೂರು ವರ್ಷ ನಮ್ಮ ಬೈಕಿನ ಹಿಂದೆ ಕೂತು ಓಡಾಡಿದ. ಬರ್ತೀನಿ ಅಂತ ಹೇಳೋದು ಸಾಲ ಮಾಡಿದ ಹಾಗೆ. ತೀರಿಸೋಕೆ ಆಗದಿದ್ದರೆ ಮೊದಲೇ ಬಾಯಿ ಬಿಟ್ಟು ಹೇಳಿ, ಬೇರೆಯವರನ್ನು ಕಳಿಸಿ.

ಇನ್ನು ಕೆಲಸದ ಮಾತು. ಬರೆದುಕೊಳ್ಳಿ.

ಒಂದು: ಲೈಸೆನ್ಸ್, ಇನ್ಶೂರೆನ್ಸ್ ಇಲ್ಲದ ಗಾಡಿ ಬೇಡ. ಬೈಕಿಗೆ ಹಿಂದೆ ಒಬ್ಬರೇ, ಅವರಿಗೂ ಹೆಲ್ಮೆಟ್. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ತಗೊಳ್ಳುವ ಹಾಗಿಲ್ಲ.

ಎರಡು: ಎದೆನೋವು, ಹೆರಿಗೆ ನೋವು, ಬಿದ್ದು ಬೆನ್ನಿಗೆ ಪೆಟ್ಟು, ಪ್ರಜ್ಞೆ ತಪ್ಪಿದವರು, ಇವರನ್ನು ಬೈಕಿಗೆ ಹತ್ತಿಸಬೇಡಿ. 108 ಕರೆಯಿರಿ. ನಮ್ಮ ರಾಜ್ಯದಲ್ಲಿ 2008ರಿಂದ ಅದು ಇದೆ, ದುಡ್ಡು ಕೊಡಬೇಕಾಗಿಲ್ಲ. ಅದು ತುರ್ತಿಗೆ. ತಿಂಗಳ ಶುಗರ್ ಪರೀಕ್ಷೆಗೆ, ಕಣ್ಣಿನ ಪೊರೆ ತೋರಿಸೋಕೆ, ಆರು ತಿಂಗಳು ಬಿಡದೆ ನಡೆಸಬೇಕಾದ ಟಿಬಿ ಚಿಕಿತ್ಸೆಯ ತಪಾಸಣೆಗೆ ಅದು ಬರೋದಿಲ್ಲ. ಅಲ್ಲಿ ನೀವು ಬೇಕು.

ಮೂರು: ಹಿಂದಿನ ದಿನವೇ ಕೇಳಿ. ಹಳೇ ಚೀಟಿ, ಆಧಾರ್, ರೇಷನ್ ಕಾರ್ಡು, ತಗೊಳ್ಳುತ್ತಿರುವ ಮಾತ್ರೆ ಎಲ್ಲಾ ಒಂದೇ ಚೀಲದಲ್ಲಿ ಇರಲಿ. ಖಾಲಿ ಹೊಟ್ಟೆ ರಕ್ತಪರೀಕ್ಷೆ ಇದ್ದರೆ ಪರೀಕ್ಷೆ ಮುಗಿದ ಕೂಡಲೇ ತಿನ್ನೋಕೆ ಏನಾದರೂ ಜೊತೆಗಿರಲಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ ಕೈಯನ್ನು ಹಿಡಿದು ಎಳೆಯಬೇಡಿ. ಮುಗಿದ ಮೇಲೆ ತಲೆ ಸುತ್ತುತ್ತದೆ, ಸ್ವಲ್ಪ ಹೊತ್ತು ಕೂರಿಸಿ. ಸುತ್ತು ನಿಲ್ಲದಿದ್ದರೆ ಬೈಕು ಬೇಡ, ಆಟೋ ನೋಡಿ.

ನಾಲ್ಕು: ಹೆಂಗಸರ ಜೊತೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ತಂಗಿಯರು ಹೋಗಲಿ. 2023ರ ಜೂನ್ 11ರಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಬಸ್ ಸ್ಟ್ಯಾಂಡಿನಿಂದ ಡಾಕ್ಟರ ಮೇಜಿನವರೆಗಿನ ದಾರಿಗೆ ಜೊತೆ ಬೇಕು. ಒಳಗೆ ಕೇಳಿದ್ದು ಯಾರ ಕಾಯಿಲೆ, ಏನು ಅಂತ ಹೊರಗೆ ಬಂದು ಬಾಯಿ ಬಿಡಬೇಡಿ.

ಒಬ್ಬ ತಮ್ಮ ಆಗಲೇ ಕೇಳಿದ: ಊರ ಗೌಡರ ಮನೆಯ ಮುದುಕಿ ಕೇಳಿದರೆ ಕರೆದುಕೊಂಡು ಹೋಗಬೇಕಾ ಅಣ್ಣ? ಹೋಗಬೇಕು. ಟಾಂಗಾದವರು ಬಾಬಾಸಾಹೇಬರಿಗೆ ಮಾಡಿದ್ದನ್ನು ನಾವು ಯಾರಿಗೂ ಮಾಡಬಾರದು. ಬೈಕಿನ ಹಿಂದೆ ಕೂತ ಮೇಲೆ ಆಕೆ ನಿನ್ನ ಹೆಗಲು ಹಿಡೀಲೇಬೇಕಲ್ಲ. ಹಿಡೀಲಿ ಬಿಡು.

ಕಡೆಯದಾಗಿ ಒಂದು ಮಾತು. ನಾವು ಗಾಡಿ ಓಡಿಸ್ತೀವಿ ಅಂತ ಸರ್ಕಾರ ಕೈತೊಳೆದುಕೊಳ್ಳಬಾರದು. ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿಗೇ ಚ್ಯುತಿ ಅಂತ ಸುಪ್ರೀಂ ಕೋರ್ಟು 1996ರಲ್ಲಿ, ಪಶ್ಚಿಮ ಬಂಗಾಳದ ರೈಲಿನಿಂದ ಬಿದ್ದ ಒಬ್ಬ ಕೂಲಿಕಾರನ ಮೊಕದ್ದಮೆಯಲ್ಲಿ ಹೇಳಿದೆ. ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಯಾವ ತಾರೀಕು, ಯಾವ ಊರು, ಎಷ್ಟು ದೂರ, ಎಷ್ಟು ಹೊತ್ತು ಕಾದರು, ಔಷಧಿ ಸಿಕ್ಕಿತೋ ಇಲ್ಲವೋ, ಎಲ್ಲಾ ಬರೆಯಿರಿ. ಆರು ತಿಂಗಳಾದ ಮೇಲೆ ಆ ನೋಟ್‌ಬುಕ್ ಹಿಡಿದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರೋಣ. ಆಗ ನಮ್ಮ ಮನವಿಪತ್ರದಲ್ಲಿ ಬರೀ ಘೋಷಣೆ ಇರಲ್ಲ, ಲೆಕ್ಕ ಇರ್ತದೆ.

ನಾಳೆ ಬೆಳಿಗ್ಗೆ ಯಾವುದೋ ಕೇರಿಯಲ್ಲಿ ಯಾರೋ ಒಬ್ಬ ದೊಡ್ಡಪ್ಪ ಶರಟು ಹಾಕಿಕೊಂಡು ಜಗಲಿ ಮೇಲೆ ಕಾದು ಕೂತಿರ್ತಾನೆ. ಹೊತ್ತಿಗೆ ಸರಿಯಾಗಿ ಹೋಗಿ. ಗೇಟು ದಾಟಿ ಒಳಗೆ ಹೋಗಿ. ಅವನ ಜೊತೆಯಲ್ಲೇ ಹೊರಗೆ ಬನ್ನಿ.

ಜೈಭೀಮ್.